ಅಜ್ಜ ಶೇಂಗಾ ಸುಲಿಯೂದು ಯಾವಾಗ ನಿಲ್ಲಿಸಿದ?

ತಮ್ಮಾ,

ನಿನ್ನ ಲೇಖನ ಬಂದು ಇಪ್ಪತ್ತು ದಿನ ಆತು, ಉತ್ತರ ತಡ ಆತು, ಸಿಟ್ಟಾಗಬ್ಯಾಡ. ಮದ್ಲ 'ನೀವು' ಅಂತ ಬರಿಯಾಕ ಸುರು ಮಾಡಿದ್ನಿ, ಖರೇ ನಾಕು ಸಾಲು ಆಗೂದ್ರಾಗ 'ನೀ' ಅಂತನ ಬರಾಕತ್ತು, ನನ್ನ ಮಗನ ವಯಸ್ಸಿನಾಂವ ಅದಿ, ಹಂಗ ಬಿಟ್ಟೇನಿ. ಉಳದವ್ರೂ ಓದ್ಲಿ ಅಂತ ಇದನ್ನ ಪತ್ರಿಕ್ಯಾಗ ಹಾಕಾಕತ್ತೇನಿ, ನಿನ್ನ ಹೆಸರು ಹಾಕಿಲ್ಲ.

ಓದವ್ರಿಗೆ ಗೊತ್ತಾಗ್ಲಿ ಅಂತ ಹೇಳ್ತೀನಿ, ವಿಜಯಪುರದ ಒಂದು ಕಾಲೇಜ್ ಹಾಲಿನಾಗ ಒಂದ ಸಂಜೀಗೆ ನಾಕು ಕಿರುನಾಟಕ ಆದೂವು, ನಾಕೂ ಹೊಸಾವ, ಬರದವ್ರೆಲ್ಲಾ ಮೂವತ್ತರ ಆಸುಪಾಸಿನವ್ರು. ಅವನ್ನ ಮೆಚ್ಚಿ ನೀ 1,400 ಪದದ ಲೇಖನ ಕಳಸೀದಿ. ಅವತ್ತ ನಾನೂ ಅಲ್ಲೇ ಇದ್ನಿ, ಹಿಂದಿನ ಸಾಲಿನಾಗ, ಫ್ಯಾನ್ ಇಲ್ಲದ ಕಡೆ. ಸೀದಾ ಹೇಳ್ತೀನಿ, ಲೇಖನ ಇದ್ದಂಗ ಹಾಕಾಕ ಬರೂದಿಲ್ಲ.

ಯಾಕಂದ್ರ 'ಅದ್ಭುತ' ಅನ್ನೂ ಮಾತು 11 ಸಲ ಐತಿ, ನಾ ಪೆನ್ನ ಹಿಡದು ಎಣಿಸೇನಿ. 'ಮನಮುಟ್ಟುವ' 6 ಸಲ. ನಾಕು ನಾಟಕಕ್ಕೂ ಒಂದ ಅಳತಿ ಹಾರ ಹಾಕೀದಿ, ಸತ್ಕಾರ ಸಮಾರಂಭದಾಗ ಸಾಲಾಗಿ ನಿಂದ್ರಿಸಿ ಶಾಲು ಹೊದಸ್ತಾರಲ್ಲ ಹಂಗ. ಬರದವ್ರಾಗ ಇಬ್ರು ನಿನ್ನ ದೋಸ್ತರು ಅಂತ ನೀನ ಹೇಳೀದಿ. ದೋಸ್ತರಿಗೆ ಚಹಾ ಕುಡಸು, ಬೆನ್ನ ಚಪ್ಪರಿಸು, ಅದಕ್ಕ ಪತ್ರಿಕ್ಯಾಗ ಎರಡು ಪುಟ ಎದಕ್ಕ ಬೇಕು?

ಆದ್ರ ಲೇಖನ ವಾಪಸ್ ಕಳಸಾಕ ಮನಸಾಗಲಿಲ್ಲ, ಒಂದ ಒಂದು ಸಾಲಿನ ಸಲುವಾಗಿ. ನಾಕನೇ ಪುಟದಾಗ, ಹೋಗ್ತಾ ಹೋಗ್ತಾ ಬರದೀದಿ: 'ನನ್ನ ಪಕ್ಕದಲ್ಲಿ ಕುಳಿತಿದ್ದ ಅಜ್ಜ ಶೇಂಗಾ ಸುಲಿಯುವುದನ್ನು ನಿಲ್ಲಿಸಿದರು.' ಇಡೀ ಲೇಖನದಾಗ ನೀ ಕಣ್ಣಾರೆ ನೋಡಿ ಬರದ ಸಾಲು ಇದೊಂದ. ಆದ್ರ ಯಾವಾಗ ನಿಲ್ಲಿಸಿದಾ ಅಂತ ಹೇಳಿಲ್ಲ. ಮೂರನೇ ನಾಟಕ ನಡದಾಗ ಅಂತ ಅಂದಾಜ ಆಗತೈತಿ, ಆದ್ರ ಯಾವ ಮಾತಿಗೆ, ಯಾವ ಗಳಿಗ್ಯಾಗ?

ಆ ಮೂರನೇ ನಾಟಕದ ಬಗ್ಗೆ ನೀ ಬರದದ್ದು ನೋಡು: 'ಮುಳುಗಡೆ ಸಂತ್ರಸ್ತರ ನೋವನ್ನು ಲೇಖಕಿ ಮನಮುಟ್ಟುವಂತೆ ಚಿತ್ರಿಸಿದ್ದಾರೆ.' ಮುಗೀತು. ಅಲ್ಲೊ ತಮ್ಮಾ, ಸ್ಟೇಜಿನ ಮ್ಯಾಲ ಏನಿತ್ತು? ಒಂದು ಹೊಸ್ತಿಲ ಇತ್ತು. ಬಾಗಲಾ ಇಲ್ಲ, ಗ್ವಾಡಿ ಇಲ್ಲ, ನಟ್ಟ ನಡುವ ಒಂದು ಹಳೀ ಕಟಗೀ ಹೊಸ್ತಿಲ, ಅದಕ್ಕ ಅರಿಷಿಣ ಕುಂಕುಮ. ಮುಳುಗಿದ ಮನಿಯಿಂದ ಮುದುಕಿ ಕಿತ್ತಕೊಂಡು ಬಂದದ್ದು, ಮುಳುಗಡೆ ಆದವ್ರಿಗೆ ಕಟ್ಟಿದ ಬಾಗಲಕೋಟಿ ನವನಗರದ ಮನಿ ಬಾಗಲಾಕ ಅಳತಿ ಕೂಡಲಿಲ್ಲ, ಹಂಗಾಗಿ ಪಡಸಾಲ್ಯಾಗ ಇಟ್ಟಾಳ. ಮಗ ಫೋನಿನ್ಯಾಗ ಮಾತಾಡ್ಕೋತ ಅಡ್ಡಾಡ್ತಾನ, ಪ್ರತಿ ಸಲ ಅದನ್ನ ದಾಟ್ತಾನ, ಕೆಳಗ ನೋಡೂದಿಲ್ಲ, ಕಾಲು ತಾನ ಎತ್ತತೈತಿ, ಯಾಕಂದ್ರ ಆ ಕಾಲಿಗೆ ಹಳೀ ಮನಿ ನೆಪ್ಪೈತಿ. ಸೊಸಿ ನವನಗರದಾಗ ಹುಟ್ಟಿದಾಕಿ, ಬಟ್ಟಿ ಬುಟ್ಟಿ ಹಿಡ್ಕೊಂಡು ಬಂದು ಮೂರು ಸಲ ಎಡವತಾಳ. ಮೊಮ್ಮಗ ಅದರ ಮ್ಯಾಲ ಕುಂತ್ರ ಮುದುಕಿ 'ಏಳೊ, ಹೊಸ್ತಿಲ ಮ್ಯಾಲ ಕುಂಡ್ರಬಾರದು' ಅಂತ ಒದರತಾಳ. ಕಡೀಗೆ ಮಗ ಅದನ್ನ ಕಟಗೀ ಅಡ್ಡೇದಾಂವಗ ಕೊಡೂ ಮಾತಾಡೂದು ಆಕಿ ಕಿವಿಗೆ ಬೀಳತೈತಿ, ಆಕಿ ಏನೂ ಅನ್ನೂದಿಲ್ಲ, ಮೆಲ್ಲಕ ಬಂದು ತಾನ ಅದರ ಮ್ಯಾಲ ಕುಂಡ್ರತಾಳ. ಲೈಟ್ ಹೋತು.

ಹದಿನಾಕು ನಿಮಿಷದ ನಾಟಕ. ಡ್ಯಾಮ್ ಅನ್ನೂ ಮಾತು ಒಮ್ಮಿನೂ ಬರಲಿಲ್ಲ, ಪರಿಹಾರ ಅನ್ನೂದೂ ಬರಲಿಲ್ಲ. ಹೊಸ್ತಿಲ ಮ್ಯಾಲ ಕುಂತು ಅವ್ವನ ಕಡೆ ಬೈಸ್ಕೊಳ್ಳದ ಹುಡುಗ ನಮ್ಮ ಕಡೆ ಯಾವ ಮನ್ಯಾಗ ಅದಾನ ಹೇಳು, ಆ ಬೈಗಳಾನ ನಾಟಕ ಬರದಾಕಿ ಬಂಡವಾಳ ಮಾಡ್ಕೊಂಡಾಳ, ಅದಕ್ಕ ಆಕೀಗೆ ಕಡೀಗೆ ಡೈಲಾಗ್ ಬೇಕಾಗಲಿಲ್ಲ. ನನಗನಸ್ತೈತಿ ಆ ಅಜ್ಜನ ಕೈ ನಿಂತದ್ದು ಅಲ್ಲೇ. ಇದು ನನ್ನ ಅಂದಾಜು, ನೀ ಬಾಜೂಕ ಇದ್ದಿ.

ಅದ ಪ್ಯಾರಾದಾಗ 'ಆಲಮಟ್ಟಿಯಲ್ಲಿ ಈಗ 524 ಮೀಟರ್ ನೀರು ನಿಲ್ಲುತ್ತಿದೆ' ಅಂತ ಬರದೀದಿ, ಆ ಮುಳುಗಡೆಗೆ ಕಾರಣ ಆದ ಕೃಷ್ಣಾ ನದಿ ಡ್ಯಾಮಿನ ಮಾತು ಅದು, ತಪ್ಪು. ಈಗ ನಿಲ್ಲೂದು 519.60 ಮೀಟರ್ ತನಕ. 524.256 ಮೀಟರಿಗೆ 2010ರಾಗ ಕೃಷ್ಣಾ ನೀರಿನ ಜಗಳ ಬಗಿಹರಸೂ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಒಪ್ಪಿಗಿ ಕೊಟ್ಟೇತಿ, ಆ ಎತ್ತರಕ್ಕ ನೀರು ಇನ್ನೂ ನಿಂತಿಲ್ಲ. ಇದನ್ನ ಬರೇ ಅಂಕಿ ತಪ್ಪು ಅಂತ ತಿದ್ದಿ ಮುಂದ ಹೋಗಬ್ಯಾಡ. ಆ ನಾಕೂವರಿ ಮೀಟರಿನ ನಡುವ ಮನಿ ಹೊಲ ಇದ್ದವ್ರು ಇನ್ನೂ ಊರಾಗ ಅದಾರ, ಅವತ್ತ ಹಾಲಿನಾಗೂ ಇದ್ದಿರಬೇಕು. ಮುದುಕಿ ಕಥಿ ಒಬ್ಬರಿಗೆ ಆಗಿ ಹೋದದ್ದು, ಬಾಜೂಕ ಕುಂತವ್ರಿಗೆ ನಾಳೆ ಆಗೂದು. ಈ ನಾಟಕ ಬೆಂಗಳೂರಾಗ ಆದ್ರ ಬ್ಯಾರೆ ನಾಟಕ ಆಗತೈತಿ, ಅದನ್ನ ವಿಜಯಪುರದಾಗ ಕುಂತು ನೋಡಿದ ನೀ ಬರೀಲಿಲ್ಲಂದ್ರ ಯಾರು ಬರೀಬೇಕು?

ಇನ್ನ ಎರಡನೇದ್ದು, ರಾತ್ರಿ ತ್ರೀಫೇಸ್ ಕರೆಂಟಿಗೆ ಕಾಯ್ಕೋತ ಹೊಲದಾಗ ಕುಂತ ಇಬ್ರು ರೈತರದ್ದು. ಇಲ್ಲಿ ನಿನಗೂ ನನಗೂ ಜಗಳ. ಕಡೀಗೆ ಒಬ್ಬಾಂವ ಮುಂದ ಬಂದು ನಮ್ಮ ಕಡೆ ಮಾರಿ ಮಾಡಿ ರೈತ ದೇಶದ ಬೆನ್ನೆಲುಬು ಅಂತ ಎರಡು ನಿಮಿಷ ಭಾಷಣ ಮಾಡ್ತಾನ, ಅದನ್ನ ನೀ ಇಡೀ ಎತ್ತಿ ಬರದು 'ನಾಟಕದ ಶಿಖರ' ಅಂದೀದಿ. ಅದಕ್ಕಿಂತ ಮದ್ಲ ಏನಾತು ನೆಪ್ಪ ಮಾಡ್ಕೊ. ಇಪ್ಪತ್ತು ನಿಮಿಷ ಕಾದ ಮ್ಯಾಲ ಬಲ್ಬ್ ಹತ್ತಿತು, ಕರೆಂಟ್ ಬಂತು, ಇಬ್ರೂ ಬಲ್ಬ್ ನೋಡ್ಕೋತ ಕುಂತ್ರು, ಎದ್ದು ಹೋಗಿ ಮೋಟಾರ್ ಚಾಲೂ ಮಾಡಲಿಲ್ಲ. ನಾಟಕ ಅಲ್ಲಿಗೆ ಮುಗದಿತ್ತು. ಬರದಾವಗ ತನ್ನ ಮ್ಯಾಲ ನಂಬಿಗಿ ಸಾಲಲಿಲ್ಲ, ಜನಕ್ಕ ತಿಳೀತೋ ಇಲ್ಲೋ ಅಂತ ಅಂಜಿ ಭಾಷಣ ಹಚ್ಚಿದ. ಚಪ್ಪಾಳಿ ಬಿದ್ದದ್ದು ಆ ಭಾಷಣಕ್ಕ ಅನ್ನೂದು ಖರೇ, ಆದ್ರ ಆ ಮಾತಿಗೆ ಗಣೇಶೋತ್ಸವದ ಸ್ಟೇಜಿನ್ಯಾಗೂ ಚಪ್ಪಾಳಿ ಬೀಳತೈತಿ. ಈ ಹುಡುಗ ನಿನ್ನ ದೋಸ್ತ್ ಇದ್ರ ಅವಗ ಇದನ್ನ ಹೇಳು.

ವಾಟ್ಸಾಪ್‌ನ್ಯಾಗ ಮದುವಿ ಬಯೋಡೇಟಾದ್ದು ನಗಸ್ತು, ಅಷ್ಟ. ನಾಕನೇದ್ದು ನಾ ನೋಡಿಲ್ಲ, ಬಾಗಲಕೋಟಿಗೆ ಕಡೀ ಬಸ್ ಹಿಡೀಬೇಕಿತ್ತು, ಹಂಗಾಗಿ ಅದರ ಬಗ್ಗೆ ನಿನ್ನ ಕೂಡ ವಾದ ಮಾಡೂದಿಲ್ಲ.

ಸುರುವಿನಾಗ ಕಿರುನಾಟಕ ಅನ್ನೂದು ಇತ್ತೀಚಿಗೆ ಹೊರಗಿಂದ ಬಂದ ಫ್ಯಾಷನ್ ಅಂತ ಬೀಸಿ ಹೇಳೀದಿ. ನಿಮ್ಮೂರು ಇಂಡಿ ಕಡೆ ಅಂದಿ. ನಿಮ್ಮ ಇಂಡಿ ತಾಲೂಕಿನ ಅಗರಖೇಡದಾಗ 1904ರಾಗ ಹುಟ್ಟಿದ ಆದ್ಯ ರಂಗಾಚಾರ್ಯರು, ಅಂದ್ರ ಶ್ರೀರಂಗರು, ಲಂಡನ್ನಿನಾಗ ಓದಿ ಬಂದು, ಧಾರವಾಡದಾಗ ಸಂಸ್ಕೃತ ಕಲಸ್ಕೋತ, ರಾಶಿ ಏಕಾಂಕ, ಅಂದ್ರ ಒಂದ ಅಂಕದ ಕಿರುನಾಟಕ, ಬರದು ಹೋಗ್ಯಾರ. ಹೊರಗಿನ ಗಾಳಿ ಬಂದದ್ದು ಹೌದು, ಆದ್ರ ಅದು ನಿಮ್ಮಜ್ಜನ ಕಾಲದಾಗ ಬಂತು. ಆ ವಾಕ್ಯ ಹೊಡದು ಹಾಕು.

ಕಡೀಗೆ ಮಾತ್ರ 'ಏಣಗಿ ಬಾಳಪ್ಪನವರ ಕಾಲದ ಗತ್ತು ಇವಕ್ಕಿಲ್ಲ' ಅಂತ ಒಂದು ಕೊಕ್ಕಿ ಇಟ್ಟೀದಿ. ಕಂಪನಿ ನಾಟಕದ ದೊಡ್ಡ ನಟ ಬಾಳಪ್ಪನವರು ನೂರು ದಾಟಿ ಬದುಕಿ 2017ರಾಗ ಹೋದ್ರು, ಅವರ ಮ್ಯಾಲ ನನಗೂ ನಿನಗಿಂತ ಕಡಿಮಿ ಭಕ್ತಿ ಏನಿಲ್ಲ. ಆದ್ರ ಎತ್ತಿಗೂ ಟ್ರ್ಯಾಕ್ಟರಿಗೂ ಓಟ ಹಚ್ಚಿದಂಗಾತು ಇದು. ಬನಶಂಕರಿ ಜಾತ್ರ್ಯಾಗ ಕಂಪನಿ ನಾಟಕ ನೋಡೀದಲ್ಲ, ಪರದೆ ಎದ್ದು ಕಾಲ್ ತಾಸು ಆದ್ರೂ ಮಂದಿ ಬರ್ತಾನ ಇರ್ತಾರ, ಕೂಸಿಗೆ ಬಿಸ್ಕೀಟ್ ಕೊಡಸ್ತಾರ, ಕುರ್ಚಿ ಹುಡಕ್ತಾರ, ಅದಕ್ಕಂತನ ಸುರೂಕ ಹಾಸ್ಯ, ಹಾಡು. ರಾತ್ರಿಯಿಡೀ ಆಡೂ ಬಯಲಾಟ ಶ್ರೀಕೃಷ್ಣ ಪಾರಿಜಾತದಾಗ ಅಂತೂ ಕೃಷ್ಣ ಯಾರು, ಭಾಮಿ ಎದಕ್ಕ ಮುನಿಸ್ಕೊಂಡಾಳ ಎಲ್ಲಾರಿಗೂ ಗೊತ್ತ ಐತಿ, ಗೊಲ್ಲತಿ ಎಷ್ಟೊತ್ತು ಬೇಕಾದ್ರೂ ಕೃಷ್ಣನ ಕೂಡ ಮಾತಿಗೆ ಮಾತು ಬೆಳಸಬಹುದು, ಬೆಳಕು ಹರಿಯೂತನಕ ಟೈಮ್ ಐತಿ. ಹದಿನಾಕು ನಿಮಿಷದ ನಾಟಕ ಬರದಾಕಿಗೆ ಈ ಎರಡೂ ಇಲ್ಲ, ಕಥಿ ಯಾರಿಗೂ ಗೊತ್ತಿಲ್ಲ, ಹೇಳಾಕ ಟೈಮೂ ಇಲ್ಲ. ಅದಕ್ಕ ಆಕಿ ಎಲ್ಲಾನೂ ಒಂದು ಹೊಸ್ತಿಲದಾಗ ಕಟ್ಟಿ ಇಟ್ಟು ಲೈಟ್ ಹಚ್ಚತಾಳ. ಗತ್ತು ಅನ್ನೂದನ್ನ ಅಲ್ಲಿ ಹುಡಕು.

ಈಗ ಏನ್ ಮಾಡಂದ್ರ, ಬರದಾಕಿಗೆ ಫೋನ್ ಹಚ್ಚಿ ಸ್ಕ್ರಿಪ್ಟ್ ಇಸ್ಕೊ. ಮುದುಕಿ ಹೊಸ್ತಿಲ ಮ್ಯಾಲ ಕುಂಡ್ರೂದು ಆಕಿ ಬರದದ್ದೋ, ತಾಲೀಮಿನಾಗ ಡೈರೆಕ್ಟರಗ ಹೊಳದದ್ದೋ, ಮುದುಕಿ ಪಾರ್ಟ್ ಮಾಡಿದ ಹುಡುಗಿ ತಾನ ಮಾಡಿದ್ದೋ ಕೇಳು. ನೀ ಹೊಗಳಿಕಿ ಎಲ್ಲಾ 'ಲೇಖಕಿ' ಅನ್ನೂ ಹೆಸರಿಗೆ ಬರದು ಕೊಟ್ಟೀದಿ, ಯಾರ ಪಾಲು ಎಷ್ಟು ಅಂತ ನೋಡದ. ಸ್ಕ್ರಿಪ್ಟಿನ್ಯಾಗ ಅದು ಇಲ್ಲಂದ್ರ ಮತ್ತೂ ಚೊಲೊ, ಬರಿಯಾಕ ಇನ್ನೊಂದು ವಿಷಯ ಸಿಕ್ಕಂಗಾತು. ಉಳದ ಎರಡು ನಾಟಕ ಬಿಡು, ಕರೆಂಟಿನದ್ದು ಮತ್ತ ಹೊಸ್ತಿಲದ್ದು ಎರಡ ಇಟ್ಕೊಂಡು 700 ಪದದಾಗ ಬರದು ಕಳಸು, ಬರೂ ತಿಂಗಳ ಸಂಚಿಕಿಗೆ ಜಾಗ ಇಡ್ತೀನಿ.

ಸುರು ಮಾಡೂದು ಶೇಂಗಾದಿಂದ ಮಾಡು. ಲೈಟ್ ಬಂದ ಮ್ಯಾಲ ಆ ಅಜ್ಜ ಮತ್ತ ಸುಲಿಯಾಕ ಸುರು ಮಾಡಿದ್ನೋ, ಕೈಯಾಗಿಂದು ಕಿಸೇಕ ಹಾಕ್ಕೊಂಡು ಎದ್ದು ಹೋದ್ನೋ, ನೆಪ್ಪಿದ್ರ ಅದನ್ನೂ ಬರಿ.