ಚರ್ಚ್ ಗೇಟಿನ ಮುಂದಿನ ಕಾರು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಕೋಲಾರ ತಾಲ್ಲೂಕಿನ ಟೊಮೆಟೊ ಬೆಳೆಗಾರರು, ವಯಸ್ಸು 46, ಮೂರು ತಲೆಮಾರಿನ ಕ್ರೈಸ್ತ ಕುಟುಂಬ. 2023ರ ಜುಲೈಯಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿದಾಗ ಇವರ ಎರಡು ಎಕರೆ ಕೊಯ್ಲಿಗೆ ಬಂದಿತ್ತು. ಆರಾಧನೆಯಲ್ಲಿ ಎದ್ದು ನಿಂತು, ಕರ್ತನು ಆಶೀರ್ವದಿಸಿದನೆಂದು ಸಾಕ್ಷಿ ಹೇಳಿದರು. ಕಾರು ಕೊಂಡರು, ಸಾಲ ಮಾಡಿ ಇನ್ನೂ ನಾಲ್ಕು ಎಕರೆ ಗುತ್ತಿಗೆಗೆ ಹಿಡಿದರು. ಆ ಬೆಳೆ ಬರುವಷ್ಟರಲ್ಲಿ ರೇಟು ಬಿದ್ದು ಬಿಡಿಸುವ ಕೂಲಿಯೂ ಹುಟ್ಟಲಿಲ್ಲ. ಹೆಂಡತಿ ನಮ್ಮ ಬಳಿ ಆಪ್ತಸಮಾಲೋಚನೆಗೆ ಕರೆತಂದಾಗ ಎರಡು ತಿಂಗಳಿಂದ ನಿದ್ದೆಯಿಲ್ಲ, ಚರ್ಚಿಗೂ ಹೋಗಿಲ್ಲ. "ದೇವರು ನನ್ನ ಕೈ ಬಿಟ್ಟ" ಎಂಬುದೊಂದೇ ಮಾತು.

ಸಾಯುವ ಯೋಚನೆ ಬಂದಿದೆಯೇ ಎಂದು ಮೊದಲು ನೇರವಾಗಿ ಕೇಳಲಾಯಿತು. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಬಂದಿತ್ತು. ಪಂಪ್‌ಹೌಸಿನಲ್ಲಿದ್ದ ಕ್ರಿಮಿನಾಶಕದ ಡಬ್ಬಿಗಳೆಲ್ಲ ಅದೇ ಸಂಜೆ ತಮ್ಮನ ಮನೆಗೆ ಹೋದವು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416 ಹೆಂಡತಿಯ ಫೋನಿಗೆ ಸೇರಿತು. ಮನೋವೈದ್ಯರ ಮಾತ್ರೆ ನುಂಗಿದರೆ ವಿಶ್ವಾಸ ಕುಂದಿದಂತೆ ಎಂಬ ಅಳುಕನ್ನು ಅವರ ಚರ್ಚಿನ ಸಭಾಪಾಲಕರೇ (ಪಾಸ್ಟರ್) ಬಿಡಿಸಿದರು.

ಎರಡನೇ ಭೇಟಿಯಲ್ಲಿ ಸಾಲದ ಪಟ್ಟಿ ಬರೆಸಿದೆವು. ಬ್ಯಾಂಕಿನ ಬೆಳೆಸಾಲ 3 ಲಕ್ಷ, ಶೇ 7ರಂತೆ ವರ್ಷಕ್ಕೆ 21,000 ಬಡ್ಡಿ. ಕೈಸಾಲವೂ 3 ಲಕ್ಷವೇ, ಆದರೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ, ವರ್ಷಕ್ಕೆ 1,08,000. ಮಂಡಿಯ ಮುಂಗಡ ಬೇರೆ. ಕಾರು ಮಾರಿ ಕೈಸಾಲ ಮೊದಲು ತೀರಿಸಿ ಎಂದಾಗ ತಲೆ ತಗ್ಗಿಸಿ ಬಹಳ ಹೊತ್ತು ಕೂತರು. "ಕಾರಿಲ್ಲದೆ ಚರ್ಚ್ ಗೇಟಿನಲ್ಲಿ ಹೇಗೆ ಇಳೀಲಿ ಸಾರ್?"

ಗಂಟು ಇದ್ದದ್ದು ಇಲ್ಲೇ. ಮಂಡಿಯ ರೇಟನ್ನೇ ದೇವರ ಪ್ರೀತಿಯ ಅಳತೆ ಮಾಡಿಕೊಂಡವರಿಗೆ ರೇಟು ಬಿದ್ದ ದಿನ ದೇವರೂ ಇಲ್ಲವಾಗುತ್ತಾನೆ. ಲೂಕನ ಸುವಾರ್ತೆ 12ನೇ ಅಧ್ಯಾಯದ 16ರಿಂದ 21ನೇ ವಚನಗಳನ್ನು ಅವರಿಂದಲೇ ಓದಿಸಿದೆವು. ಬೆಳೆ ಹೆಚ್ಚಿತೆಂದು ದೊಡ್ಡ ಕಣಜ ಕಟ್ಟಲು ಹೊರಟವನಿಗೆ ಅದೇ ರಾತ್ರಿ ಸಾವು ಬರುವ ಸಾಮ್ಯ ಅದು. ಅಲ್ಲಿನ ಐಶ್ವರ್ಯವಂತನದು ಚೆನ್ನಾಗಿ ಬೆಳೆದ ತಪ್ಪಲ್ಲ. ಅವನ ಲೆಕ್ಕದಲ್ಲಿ ನನ್ನ ಬೆಳೆ, ನನ್ನ ಕಣಜ ಬಿಟ್ಟರೆ ದೇವರೂ ಇಲ್ಲ, ನೆರೆಯವನೂ ಇಲ್ಲ. ಹಣವೇ ಪಾಪವೆಂದು ಇಂಥವರಿಗೆ ಬೋಧಿಸುವುದು ದೊಡ್ಡ ತಪ್ಪು; ಬೈಬಲಿನ 1 ತಿಮೊಥೆಯ 6:10 ಹೇಳುವುದು ಹಣದಾಸೆಯ ಬಗ್ಗೆ.

ಬೆಲೆ ಏರಿದರೆ ಚರ್ಚಿಗೆ 50,000 ಕೊಡುವ ಹರಕೆಯನ್ನೂ ಹೊತ್ತಿದ್ದರು. ಸಾಲದ ದುಡ್ಡಿನಿಂದ ಕಾಣಿಕೆ ಬೇಡ, ಹರಕೆಯ ವಿಷಯವನ್ನು ಸಭಾಪಾಲಕರ ಮುಂದೆ ಬಿಚ್ಚಿಡಿ ಎಂದೆವು. ರಾತ್ರಿ ಮಂಡಿ ರೇಟಿನ ವಾಟ್ಸಾಪ್ ಗುಂಪು ನೋಡುವುದನ್ನು ನಿಲ್ಲಿಸಿ, ಹತ್ತು ನಿಮಿಷ ಹೆಂಡತಿಯೊಂದಿಗೆ ಬೈಬಲಿನ ಒಂದು ಕೀರ್ತನೆ ಗಟ್ಟಿಯಾಗಿ ಓದಬೇಕು. ಮೊದಲ ವಾರಕ್ಕೆ 13 ಮತ್ತು 42ನೇ ಕೀರ್ತನೆಗಳು. ಎರಡೂ ದೇವರನ್ನೇ ಪ್ರಶ್ನಿಸುವ ಪ್ರಾರ್ಥನೆಗಳು. ಕೈಬಿಟ್ಟನೆಂಬ ಅಳಲನ್ನು ದೇವರ ಮುಂದೆಯೇ ಹೇಳಬಹುದೆಂದು ಗೊತ್ತಾದಾಗ ಅವರ ಕಣ್ಣು ತುಂಬಿತು.

ನಾಲ್ಕನೇ ಭೇಟಿಗೆ ಬಸ್ಸಿನಲ್ಲಿ ಬಂದರು. ಕಾರು 3.4 ಲಕ್ಷಕ್ಕೆ ಹೋಗಿತ್ತು. ಕೈಸಾಲದ ಹರಿದ ಪ್ರೋನೋಟು (ಸಾಲಪತ್ರ) ಹೆಂಡತಿಯ ಬೈಬಲಿನೊಳಗೆ ಮಡಚಿಟ್ಟಿತ್ತು. ಭಾನುವಾರ ಹಿಂದಿನ ಬೆಂಚಿನಲ್ಲಿ ಕೂತು ಬರುತ್ತಿದ್ದಾರೆ. ನಿದ್ದೆ ಐದು ಗಂಟೆಗೆ ಏರಿದೆ, ಮಾತ್ರೆ ಮುಂದುವರಿದಿದೆ; ಮಂಡಿಯ ಮುಂಗಡ ಇನ್ನೂ ಬಾಕಿ. ಈ ಸಲ ಟೊಮೆಟೊ ಒಂದೇ ಎಕರೆ, ಉಳಿದದ್ದಕ್ಕೆ ರಾಗಿ.