ತಾಜಾ ಮಾಂಸದ ಪಾರ್ಸಲ್‌ಗೆ ಡ್ರೈ ಐಸ್: ಎಷ್ಟು ಬೇಕು, ಎಲ್ಲಿಡಬೇಕು, ಯಾವಾಗ ಬೇಡ

ಪ್ರಶ್ನೆ: ತಾಜಾ ಮಾಂಸವನ್ನು ತುಂಡು ಮಾಡಿ, ವ್ಯಾಕ್ಯೂಮ್ ಪ್ಯಾಕ್ ಮಾಡಿ ದೂರದ ಗ್ರಾಹಕರಿಗೆ ಕೊರಿಯರ್‌ನಲ್ಲಿ ಕಳಿಸುತ್ತೇನೆ. ತಲುಪಲು 24ರಿಂದ 36 ಗಂಟೆ ಹಿಡಿಯುತ್ತದೆ. ಥರ್ಮೋಕೋಲ್ ಪೆಟ್ಟಿಗೆಯ ತಳಕ್ಕೆ 2 ಕೆ.ಜಿ. ಡ್ರೈ ಐಸ್ ಹಾಕಿ ಅದರ ಮೇಲೆ 5 ಕೆ.ಜಿ. ಮಾಂಸ ಜೋಡಿಸುತ್ತೇನೆ. ಕೆಳಗಿನ ಪ್ಯಾಕೆಟ್‌ಗಳು ಕಲ್ಲಿನಂತೆ ಗಟ್ಟಿಯಾಗಿದ್ದವು, ಮೇಲಿನವು ಬೆಚ್ಚಗಿದ್ದವು ಎಂದು ಗ್ರಾಹಕರ ದೂರು. ಒಂದೆರಡು ಚೀಲ ಒಡೆದು ರಕ್ತವೂ ಸೋರಿದೆ. ಡ್ರೈ ಐಸ್ ಇನ್ನೂ ಹೆಚ್ಚು ಹಾಕಬೇಕೇ?

ಉತ್ತರ: ಹೆಚ್ಚು ಹಾಕಿದರೆ ಕಲ್ಲಾಗುವ ಪ್ಯಾಕೆಟ್‌ಗಳು ಹೆಚ್ಚುತ್ತವೆ, ಅಷ್ಟೇ. ಎಷ್ಟು ಡ್ರೈ ಐಸ್ ಎಂಬ ಲೆಕ್ಕಕ್ಕೆ ಮೊದಲು ನೀವು ಇನ್ನೊಂದು ವಿಷಯ ತೀರ್ಮಾನಿಸಬೇಕು: ಮಾಂಸ ಗ್ರಾಹಕರ ಕೈಗೆ ತಣ್ಣಗೆ ತಾಜಾ ಆಗಿ ಸಿಗಬೇಕೋ, ಹೆಪ್ಪುಗಟ್ಟಿ ಸಿಗಬೇಕೋ? ಇವೆರಡೂ ಬೇರೆ ಬೇರೆ ಕೆಲಸ, ಪೆಟ್ಟಿಗೆ ಕಟ್ಟುವ ಕ್ರಮವೂ ಬೇರೆ. ನಿಮ್ಮ ಪೆಟ್ಟಿಗೆಯಲ್ಲಿ ಎರಡೂ ಒಟ್ಟಿಗೆ ನಡೆಯುತ್ತಿವೆ.

ಡ್ರೈ ಐಸ್ ಎಂದರೆ ಘನರೂಪದ ಇಂಗಾಲದ ಡೈಆಕ್ಸೈಡ್. ಅದರ ತಾಪಮಾನ ಮೈನಸ್ 78.5 ಡಿಗ್ರಿ ಸೆಲ್ಸಿಯಸ್. ಅದು ಕರಗಿ ನೀರಾಗುವುದಿಲ್ಲ, ನೇರವಾಗಿ ಅನಿಲವಾಗುತ್ತದೆ. ತಾಜಾ ಮಾಂಸಕ್ಕೆ ಬೇಕಾದದ್ದು 0ಯಿಂದ 4 ಡಿಗ್ರಿ. ಮೈನಸ್ ಒಂದೂವರೆ, ಎರಡು ಡಿಗ್ರಿಯ ಆಸುಪಾಸಿನಲ್ಲಿ ಮಾಂಸ ಹೆಪ್ಪುಗಟ್ಟಲು ಶುರುವಾಗುತ್ತದೆ. ಅಂದರೆ ನಿಮಗಿರುವ ಜಾಗ ಐದಾರು ಡಿಗ್ರಿಯಷ್ಟು ಮಾತ್ರ. ಒಲೆಯ ಉರಿಯನ್ನು ಸಣ್ಣ ಮಾಡಬಹುದು, ಡ್ರೈ ಐಸಿನ ಚಳಿಯನ್ನು ಸಣ್ಣ ಮಾಡಲು ಬರುವುದಿಲ್ಲ. ತಾಗಿದ ಕಡೆ ಹೆಪ್ಪುಗಟ್ಟಿಸುತ್ತದೆ, ದೂರವಿದ್ದ ಕಡೆಗೆ ತಲುಪುವುದೇ ಇಲ್ಲ. ಅದರಲ್ಲೂ ನೀವು ತಳದಲ್ಲಿ ಇಟ್ಟಿದ್ದೀರಿ. ತಣ್ಣಗಿನ ಅನಿಲ ಭಾರ, ತಳದಲ್ಲೇ ಕೂರುತ್ತದೆ. ಮುಚ್ಚಳದ ಕಡೆಯಿಂದ ಇಳಿಯುವ ಬಿಸಿಯನ್ನು ತಡೆಯಲು ಮೇಲೆ ಏನೂ ಇಲ್ಲ.

ಚೀಲ ಒಡೆದದ್ದಕ್ಕೂ ಇದೇ ಕಾರಣ ಇರಬಹುದು. ಅಷ್ಟು ಚಳಿಗೆ ಪ್ಲಾಸ್ಟಿಕ್ ಪೆಡಸಾಗುತ್ತದೆ. ಸಾಗಾಟದಲ್ಲಿ ಪೆಟ್ಟಿಗೆ ಕುಲುಕಿದಾಗ ಎಲುಬಿನ ಚೂಪು ತಾಗಿದರೆ ಸಾಕು, ಸೀಳು ಬೀಳುತ್ತದೆ. ಎಲುಬಿರುವ ತುಂಡಾದರೆ ಆ ಮೊನೆಗೆ ಆಹಾರಕ್ಕೆ ಬಳಸಬಹುದಾದ ದಪ್ಪ ಕಾಗದವನ್ನೋ ಬಟ್ಟೆಯನ್ನೋ ಸುತ್ತಿ ಆಮೇಲೆ ಸೀಲ್ ಮಾಡಿ. ಸೋರಿದ್ದು ರಕ್ತವಲ್ಲ ಎಂದು ಗ್ರಾಹಕರಿಗೆ ತಿಳಿಸಿ. ಅದು ಮಾಂಸದೊಳಗಿನ ನೀರು. ಮಯೋಗ್ಲೋಬಿನ್ ಎಂಬ ಪ್ರೋಟೀನ್ ಸೇರಿ ಅದಕ್ಕೆ ಕೆಂಪು ಬಂದಿರುತ್ತದೆ. ಮಾಂಸ ನಿಧಾನವಾಗಿ ಹೆಪ್ಪುಗಟ್ಟಿದಾಗ ದೊಡ್ಡ ದೊಡ್ಡ ಹಿಮದ ಹರಳುಗಳಾಗಿ ಜೀವಕೋಶಗಳನ್ನು ಹರಿಯುತ್ತವೆ. ಕರಗುವಾಗ ಆ ನೀರೆಲ್ಲ ಹೊರಬಂದು ಮಾಂಸ ಒಣಗಿದಂತಾಗುತ್ತದೆ. ಪೆಟ್ಟಿಗೆಯಲ್ಲಿ ಅರೆಬರೆ ಹೆಪ್ಪುಗಟ್ಟಿದ ತುಂಡುಗಳಿಗೆ ಆಗುವುದು ಇದೇ.

ಈಗ ಸ್ವಲ್ಪ ಲೆಕ್ಕ. ಒಳಗಡೆ 40 ಸೆಂ.ಮೀ. ಉದ್ದ, 30 ಅಗಲ, 30 ಎತ್ತರದ, 4 ಸೆಂ.ಮೀ. ದಪ್ಪ ಗೋಡೆಯ ಥರ್ಮೋಕೋಲ್ ಪೆಟ್ಟಿಗೆ ಎಂದುಕೊಳ್ಳೋಣ. ಹೊರಗೆ 30 ಡಿಗ್ರಿ ಇದ್ದು ಒಳಗೆ 2 ಡಿಗ್ರಿ ಉಳಿಸಬೇಕಾದರೆ ಸುಮಾರು 20 ವ್ಯಾಟ್‌ನಷ್ಟು ಬಿಸಿ ಗೋಡೆಗಳ ಮೂಲಕ ಒಳಗೆ ನುಗ್ಗುತ್ತಲೇ ಇರುತ್ತದೆ. ಒಂದು ದಿನಕ್ಕೆ ಅದು 1,700 ಕಿಲೋಜೂಲ್ ದಾಟುತ್ತದೆ. ಒಂದು ಕೆ.ಜಿ. ನೀರಿನ ಐಸ್ ಕರಗುವಾಗ 334 ಕಿಲೋಜೂಲ್ ಹೀರುತ್ತದೆ, ಹಾಗಾಗಿ ದಿನಕ್ಕೆ 5 ಕೆ.ಜಿ.ಗೂ ಸ್ವಲ್ಪ ಹೆಚ್ಚು ಐಸ್ ಬೇಕು. ಡ್ರೈ ಐಸ್ ಅನಿಲವಾಗುವಾಗ ಕೆ.ಜಿ.ಗೆ ಸುಮಾರು 570 ಕಿಲೋಜೂಲ್ ಹೀರುತ್ತದೆ, ಆ ತಣ್ಣನೆ ಅನಿಲ ಬೆಚ್ಚಗಾಗುವಾಗ ಇನ್ನಷ್ಟು. ಮಾಂಸವನ್ನು ಮೈನಸ್ 18ರಲ್ಲಿ ಇಡಬೇಕಾದರೆ ಅದೇ ಪೆಟ್ಟಿಗೆಗೆ ದಿನಕ್ಕೆ 5 ಕೆ.ಜಿ. ಹತ್ತಿರ ಡ್ರೈ ಐಸ್ ಖರ್ಚಾಗುತ್ತದೆ. ನೀವು ಹಾಕುತ್ತಿರುವ 2 ಕೆ.ಜಿ. ಯಾವ ಲೆಕ್ಕಕ್ಕೂ ಹೊಂದುವುದಿಲ್ಲ.

ಇನ್ನೂ ಒಂದು ಸಂಗತಿಯನ್ನು ಬಹಳ ಜನ ಮರೆಯುತ್ತಾರೆ. 4 ಡಿಗ್ರಿಯಲ್ಲಿರುವ 5 ಕೆ.ಜಿ. ಮಾಂಸವನ್ನು ಮೈನಸ್ 18ಕ್ಕೆ ಇಳಿಸುವುದಕ್ಕೇ 2 ಕೆ.ಜಿ.ಗಿಂತ ಹೆಚ್ಚು ಡ್ರೈ ಐಸ್ ಬೇಕು. ನೀವು ಹಾಕಿದ್ದಷ್ಟೂ ಮಾಂಸವನ್ನು ಹೆಪ್ಪುಗಟ್ಟಿಸುವುದರಲ್ಲೇ ತೀರಿಹೋಗುತ್ತದೆ, ದಾರಿಯ ಬಿಸಿಲಿಗೆ ಏನೂ ಉಳಿಯುವುದಿಲ್ಲ. ಪೆಟ್ಟಿಗೆಯನ್ನು ಫ್ರಿಜ್ ಎಂದುಕೊಳ್ಳಬೇಡಿ. ಒಳಗಿಟ್ಟಾಗ ಮಾಂಸ ಯಾವ ಚಳಿಯಲ್ಲಿತ್ತೋ ಅದನ್ನು ಕಾಯುವುದಷ್ಟೇ ಅದರ ಕೆಲಸ.

ಹಾಗಾಗಿ ನನ್ನ ಸಲಹೆ ಹೀಗೆ. ಮಾಂಸ ತಾಜಾ ಆಗಿಯೇ ತಲುಪಬೇಕು, ದಾರಿ 36 ಗಂಟೆಯೊಳಗೆ ಮುಗಿಯುತ್ತದೆ ಎಂದಾದರೆ ಡ್ರೈ ಐಸ್ ಬಿಟ್ಟುಬಿಡಿ, ಜೆಲ್ ಪ್ಯಾಕ್ ಬಳಸಿ. ನೀರು ಆಧಾರಿತ ಜೆಲ್ ಪ್ಯಾಕ್ 0 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ, ಮಾಂಸಕ್ಕೆ ಬೇಕಾದದ್ದೂ ಅದೇ ಚಳಿ. ಮಾಂಸವನ್ನು ಹಿಂದಿನ ರಾತ್ರಿಯೇ ಫ್ರಿಜ್‌ನಲ್ಲಿಟ್ಟು ನಡುಮಧ್ಯದವರೆಗೂ 1–2 ಡಿಗ್ರಿಗೆ ಇಳಿಸಿ. ಖಾಲಿ ಪೆಟ್ಟಿಗೆಯನ್ನೂ ತಣ್ಣಗೆ ಮಾಡಿ. ಜೆಲ್ ಪ್ಯಾಕ್‌ಗಳನ್ನು ಡೀಪ್ ಫ್ರೀಜರ್‌ನಿಂದ ತೆಗೆದ ಕೂಡಲೇ ಮಾಂಸಕ್ಕೆ ಒತ್ತಬೇಡಿ, ಆಗ ಅವೂ ಮೈನಸ್ 18–20ರಲ್ಲಿರುತ್ತವೆ. ಮೇಲ್ಮೈ ಬೆವರುವವರೆಗೆ ಹೊರಗಿಟ್ಟು ಆಮೇಲೆ ಜೋಡಿಸಿ. ಮೇಲ್ಗಡೆ ಹೆಚ್ಚು, ನಾಲ್ಕೂ ಬದಿಗೆ ಒಂದೊಂದು, ತಳಕ್ಕೆ ಒಂದು. ನಡುವೆ ಉಳಿದ ಖಾಲಿ ಜಾಗವನ್ನು ಮುದುರಿದ ಕಾಗದದಿಂದ ತುಂಬಿ. ಗೋಡೆ ದಪ್ಪವಿದ್ದಷ್ಟೂ ಒಳ್ಳೆಯದು. 4 ಸೆಂ.ಮೀ. ಇದ್ದದ್ದು 6 ಆದರೆ ಒಳಬರುವ ಬಿಸಿ ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ಇನ್ನಷ್ಟು ಐಸ್ ತುರುಕುವ ಬದಲು ದಪ್ಪ ಪೆಟ್ಟಿಗೆಗೆ ಹಣ ಹಾಕಿ ಎಂದೇ ನಾನು ಯಾವಾಗಲೂ ಹೇಳುವುದು.

ದಾರಿ ಎರಡು ದಿನ ಮೀರುತ್ತದೆ, ಅಥವಾ ನಡುವೆ ರಜೆ ಬಂದು ಪಾರ್ಸಲ್ ಗೋದಾಮಿನಲ್ಲಿ ಉಳಿಯಬಹುದು ಎಂಬ ಅನುಮಾನವಿದ್ದರೆ ಹೆಪ್ಪುಗಟ್ಟಿಸಿದ ಮಾಂಸವನ್ನೇ ಮಾರಿ, ಹಾಗೆಂದು ಗ್ರಾಹಕರಿಗೆ ಮೊದಲೇ ಹೇಳಿ. ಡೀಪ್ ಫ್ರೀಜರ್‌ನಲ್ಲಿ ಒಳಗಿನವರೆಗೂ ಮೈನಸ್ 18ಕ್ಕೆ ಇಳಿಸಿ, ಪ್ಯಾಕೆಟ್‌ಗಳನ್ನು ಒತ್ತೊತ್ತಾಗಿ ಜೋಡಿಸಿ, ಮೇಲೊಂದು ರಟ್ಟಿನ ಹಾಳೆ ಹಾಸಿ, ಅದರ ಮೇಲೆ ಡ್ರೈ ಐಸ್ ಇಡಿ. ದೂರದ ದಾರಿಗಾದರೆ ತಳದಲ್ಲೂ ಒಂದು ಪದರ. ಸಣ್ಣ ಕಾಳುಗಳಿಗಿಂತ ದೊಡ್ಡ ಗಟ್ಟಿಗಳು ನಿಧಾನವಾಗಿ ಆವಿಯಾಗುತ್ತವೆ. ಲೆಕ್ಕಕ್ಕಿಂತ ಒಂದು ದಿನದಷ್ಟು ಹೆಚ್ಚೇ ಹಾಕಿ. ಡ್ರೈ ಐಸನ್ನು ಮೊದಲೇ ಕೊಂಡು ಕೂಡಿಡಲು ಹೋಗಬೇಡಿ, ಕೊಂಡ ಕ್ಷಣದಿಂದಲೇ ಅದು ಸವೆಯುತ್ತದೆ.

ತಾಜಾ ಮಾಂಸದ ಜೊತೆ ಡ್ರೈ ಐಸನ್ನೂ ಬಳಸುವವರಿದ್ದಾರೆ. ಜೆಲ್ ಪ್ಯಾಕ್‌ಗಳ ಮೇಲೆ ದಪ್ಪ ರಟ್ಟು, ಹಲವು ಪದರ ಕಾಗದ ಹಾಸಿ, ಎಲ್ಲಕ್ಕೂ ಮೇಲೆ ಸ್ವಲ್ಪ ಡ್ರೈ ಐಸ್ ಇಟ್ಟರೆ ಜೆಲ್ ಪ್ಯಾಕ್ ಬೇಗ ಕರಗುವುದಿಲ್ಲ. ಇದು ಆಗದ ಮಾತಲ್ಲ, ಆದರೆ ಪ್ರಯೋಗ ಮಾಡದೆ ಗ್ರಾಹಕರಿಗೆ ಕಳಿಸಬೇಡಿ. ಮಾಂಸದ ಬದಲು ಅಷ್ಟೇ ತೂಕದ ನೀರಿನ ಪೊಟ್ಟಣಗಳನ್ನು ಇಟ್ಟು, ನಡುವೆ ಒಂದು, ಮೂಲೆಯಲ್ಲಿ ಒಂದು ಡೇಟಾ ಲಾಗರ್ (ತಾಪಮಾನವನ್ನು ತಾನಾಗಿಯೇ ದಾಖಲಿಸುತ್ತಾ ಹೋಗುವ ಸಣ್ಣ ಸಾಧನ) ಹಾಕಿ, ಪೆಟ್ಟಿಗೆಯನ್ನು ಅದೇ ದಾರಿಯಲ್ಲಿ ಕಳಿಸಿ ನೋಡಿ. ಮೂಲೆಯ ನೀರು ಹೆಪ್ಪುಗಟ್ಟಿ ಬಂದರೆ ಆ ಜೋಡಣೆ ಮಾಂಸಕ್ಕೂ ಅಪಾಯದ ಅಂಚಿನಲ್ಲಿದೆ ಎಂದರ್ಥ. ಬೇಸಿಗೆಗೆ ಒಮ್ಮೆ, ಚಳಿಗಾಲಕ್ಕೆ ಒಮ್ಮೆ ಈ ಪರೀಕ್ಷೆ ಬೇರೆ ಬೇರೆ ಮಾಡಬೇಕು.

ಪ್ರಶ್ನೆ: ಚಳಿ ಹೊರಹೋಗದಿರಲಿ ಎಂದು ಥರ್ಮೋಕೋಲ್ ಪೆಟ್ಟಿಗೆಯ ಸುತ್ತ ಟೇಪ್ ಬಿಗಿದು, ಮೇಲೆ ಪ್ಲಾಸ್ಟಿಕ್ ಚೀಲ ಹಾಕಿ ಗಂಟು ಕಟ್ಟುತ್ತೇನೆ. ಸರಿಯೇ?

ಉತ್ತರ: ಜೆಲ್ ಪ್ಯಾಕ್ ಇದ್ದರೆ ಸರಿ. ಡ್ರೈ ಐಸ್ ಇದ್ದರೆ ದಯವಿಟ್ಟು ಇವತ್ತಿನಿಂದಲೇ ನಿಲ್ಲಿಸಿ. ಒಂದು ಕೆ.ಜಿ. ಡ್ರೈ ಐಸ್ ಆವಿಯಾದರೆ 500 ಲೀಟರಿಗೂ ಹೆಚ್ಚು ಅನಿಲ ಬರುತ್ತದೆ. ಹೊರಹೋಗಲು ದಾರಿ ಇಲ್ಲದಿದ್ದರೆ ಪೆಟ್ಟಿಗೆ ಉಬ್ಬಿ ಸಿಡಿಯುತ್ತದೆ. ಥರ್ಮೋಕೋಲ್ ಮುಚ್ಚಳವನ್ನು ಸುಮ್ಮನೆ ಕೂರಿಸಿ, ಅದಕ್ಕೆ ಟೇಪ್ ಬೇಡ. ಹೊರಗಿನ ರಟ್ಟಿನ ಡಬ್ಬಕ್ಕೆ ಮಾತ್ರ ಟೇಪ್ ಹಾಕಿ, ಅದೂ ಅಂಚುಗಳನ್ನೆಲ್ಲ ಮುಚ್ಚದಂತೆ. ಮಾಂಸದ ಪ್ಯಾಕೆಟ್ ಗಾಳಿಯಾಡದಂತೆ ಬಿಗಿಯಾಗಿರಬೇಕು, ಡ್ರೈ ಐಸ್ ಇರುವ ಪೆಟ್ಟಿಗೆ ಉಸಿರಾಡಬೇಕು. ಮಾಂಸ ತೆರೆದಿದ್ದರೆ ಅನಿಲ ಅದರ ತೇವದಲ್ಲಿ ಕರಗಿ ಕಾರ್ಬಾನಿಕ್ ಆಮ್ಲವಾಗುತ್ತದೆ, ಮೇಲ್ಮೈಯ ಬಣ್ಣವೂ ಕೆಡಬಹುದು.

ವಿಮಾನದಲ್ಲಿ ಹೋಗುವ ಪಾರ್ಸಲ್ ಆದರೆ ಡ್ರೈ ಐಸ್ ಅಪಾಯಕಾರಿ ಸರಕಿನ ಪಟ್ಟಿಯಲ್ಲಿದೆ: ಅದರ ವಿಶ್ವಸಂಸ್ಥೆ ಗುರುತಿನ ಸಂಖ್ಯೆ ಯುಎನ್ 1845, 9ನೇ ವರ್ಗ. ವಿಮಾನಯಾನ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಐಎಟಿಎಯ ನಿಯಮಗಳ 954ನೇ ಪ್ಯಾಕಿಂಗ್ ಸೂಚನೆ ಇದಕ್ಕೆ ಅನ್ವಯ. ಡಬ್ಬದ ಮೇಲೆ 9ನೇ ವರ್ಗದ ಲೇಬಲ್, ‘ಡ್ರೈ ಐಸ್’ ಎಂಬ ಹೆಸರು, ಯುಎನ್ ಸಂಖ್ಯೆ, ಒಳಗಿರುವ ಡ್ರೈ ಐಸಿನ ನಿವ್ವಳ ತೂಕ ಕೆ.ಜಿ.ಯಲ್ಲಿ, ಕಳಿಸುವವರ ಹಾಗೂ ಪಡೆಯುವವರ ವಿಳಾಸ ಇರಲೇಬೇಕು. ಒಂದು ಡಬ್ಬದಲ್ಲಿ 200 ಕೆ.ಜಿ. ಮೀರುವಂತಿಲ್ಲ. ಹೇಳದೆ ಕಳಿಸಿದರೆ ಪಾರ್ಸಲ್ ವಾಪಸ್ ಬರುವುದೊಂದೇ ತೊಂದರೆಯಲ್ಲ. ಒಳಗೇನಿದೆ ಎಂದು ಅರಿಯದ ಕೆಲಸಗಾರರು ಅಂಥ ಡಬ್ಬಗಳನ್ನು ಗಾಳಿಯಿಲ್ಲದ ಕೋಣೆಯಲ್ಲಿ ಪೇರಿಸಿಡುತ್ತಾರೆ. ಆ ಲೇಬಲ್ ಇರುವುದು ಅವರ ಜೀವಕ್ಕಾಗಿ.

ಪ್ರಶ್ನೆ: ಡ್ರೈ ಐಸ್ ತುಂಬಿದ ಪೆಟ್ಟಿಗೆಗಳನ್ನು ನನ್ನ ಕಾರಿನಲ್ಲೇ ಕೊರಿಯರ್ ಕಚೇರಿಗೆ ಒಯ್ಯುತ್ತೇನೆ. ಎ.ಸಿ. ಹಾಕಿ ಕಿಟಕಿ ಮುಚ್ಚಿರುತ್ತೇನೆ. ಒಮ್ಮೊಮ್ಮೆ ತಲೆನೋವು ಬರುತ್ತದೆ. ಇದಕ್ಕೂ ಅದಕ್ಕೂ ಸಂಬಂಧವಿದೆಯೇ?

ಉತ್ತರ: ಇರುವ ಸಾಧ್ಯತೆ ಬಹಳ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೇಲೆ ಹೇಳಿದ ಪೆಟ್ಟಿಗೆ ಗಂಟೆಗೆ ಸುಮಾರು 200 ಗ್ರಾಂ ಡ್ರೈ ಐಸ್ ಕಳೆದುಕೊಳ್ಳುತ್ತದೆ, ಅಂದರೆ ನೂರು ಲೀಟರಿಗೂ ಹೆಚ್ಚು ಅನಿಲ. ಕಾರಿನೊಳಗಿನ ಗಾಳಿ 3,000 ಲೀಟರ್ ಎಂದುಕೊಂಡರೂ, ಹೊರಗಿನ ಗಾಳಿ ಬಾರದಿದ್ದರೆ ಒಂದೇ ಪೆಟ್ಟಿಗೆಯಿಂದ ಒಂದು ಗಂಟೆಯಲ್ಲಿ ಇಂಗಾಲದ ಡೈಆಕ್ಸೈಡ್ ಶೇಕಡಾ 3 ದಾಟಬಹುದು. ಎಂಟು ಗಂಟೆಯ ಕೆಲಸಕ್ಕೆ ಸಾಮಾನ್ಯವಾಗಿ ಒಪ್ಪಿರುವ ಮಿತಿ ಶೇಕಡಾ 0.5. ಶೇಕಡಾ 3ರಲ್ಲಿ ಉಸಿರು ಜೋರಾಗುತ್ತದೆ, ತಲೆ ನೋಯುತ್ತದೆ. ಶೇಕಡಾ 10ರ ಹತ್ತಿರ ಹೋದರೆ ಪ್ರಜ್ಞೆ ತಪ್ಪುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಗಾಳಿಗಿಂತ ಒಂದೂವರೆ ಪಟ್ಟು ಭಾರ. ಹಿಂದಿನ ಸೀಟಿನಲ್ಲಿ ಮಲಗಿದ ಮಗುವಿಗೆ ನಿಮಗಿಂತ ಮೊದಲು ತಟ್ಟುತ್ತದೆ.

ಚಾಲಕನ ಜಾಗದಿಂದ ಬೇರೆಯಾದ, ಗಾಳಿಯಾಡುವ ವಾಹನದಲ್ಲಿ ಒಯ್ಯುವುದೇ ಸರಿ. ಕಾರೇ ಗತಿ ಎಂದಾದರೆ ಕಿಟಕಿಗಳನ್ನು ತೆರೆದಿಡಿ, ಎ.ಸಿ.ಯನ್ನು ಹೊರಗಿನ ಗಾಳಿ ಎಳೆಯುವಂತೆ ಬದಲಿಸಿ, ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ಜೊತೆಗೆ ಕರೆದೊಯ್ಯಬೇಡಿ. ಪೆಟ್ಟಿಗೆ ತುಂಬುವ ಕೋಣೆಗೂ ಇದೇ ಮಾತು. ಕೆಲಸ ನೆಲಮಾಳಿಗೆಯಲ್ಲಿ ನಡೆಯುತ್ತಿದ್ದರೆ ಜಾಗ ಬದಲಿಸಿ. ಡ್ರೈ ಐಸ್ ಮುಟ್ಟಲು ದಪ್ಪ ಚರ್ಮದ ಅಥವಾ ಚಳಿ ತಡೆಯುವ ಗ್ಲೌಸ್ ಬೇಕು, ಅಡುಗೆಮನೆಯ ತೆಳು ರಬ್ಬರ್ ಗ್ಲೌಸ್ ಸಾಲದು. ಗಟ್ಟಿ ಒಡೆಯುವಾಗ ಕಣ್ಣಿಗೆ ಕನ್ನಡಕ ಇರಲಿ.

ಪ್ರಶ್ನೆ: ಮಾಂಸದ ಪಾರ್ಸಲ್ ತರಿಸಿದೆ. ತೆರೆದಾಗ ಡ್ರೈ ಐಸ್ ಚೂರೂ ಇರಲಿಲ್ಲ. ಮಾಂಸ ತಣ್ಣಗಿತ್ತು, ಆದರೆ ಬಣ್ಣ ಕಡು ನೇರಳೆ. ಕೆಟ್ಟಿದೆ ಎಂದು ಎಸೆದೆ. ಸರಿ ಮಾಡಿದೆನೇ?

ಉತ್ತರ: ಬಣ್ಣ ನೋಡಿ ಎಸೆದಿದ್ದರೆ ಒಳ್ಳೆಯ ಮಾಂಸವನ್ನೇ ಎಸೆದಿರಬಹುದು. ಆಮ್ಲಜನಕ ಸಿಗದಾಗ ಕೆಂಪು ಮಾಂಸ ನೇರಳೆಯಾಗುವುದು ಸಹಜ. ವ್ಯಾಕ್ಯೂಮ್ ಚೀಲ ಕತ್ತರಿಸಿ ಅರ್ಧ ಗಂಟೆ ಫ್ರಿಜ್‌ನಲ್ಲಿ ತೆರೆದಿಟ್ಟರೆ ಸಾಮಾನ್ಯವಾಗಿ ಮತ್ತೆ ಕೆಂಪೇರುತ್ತದೆ. ಡ್ರೈ ಐಸ್ ಉಳಿದಿಲ್ಲ ಎಂಬುದೂ ಕೆಟ್ಟಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಸಾಕ್ಷಿ ಹೇಳುವುದು ಥರ್ಮಾಮೀಟರ್. ಪೆಟ್ಟಿಗೆ ತೆರೆದ ಕೂಡಲೇ ಅದರ ತುದಿಯನ್ನು ಎರಡು ಪ್ಯಾಕೆಟ್‌ಗಳ ನಡುವೆ ಸಿಕ್ಕಿಸಿ, ಅಂಕಿ ನಿಲ್ಲುವವರೆಗೆ ಕಾಯಿರಿ, ಮುಚ್ಚಳದ ಬಳಿಯ ಪ್ಯಾಕೆಟ್‌ಗಳನ್ನೂ ಹೀಗೇ ನೋಡಿ. 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಫ್ರಿಜ್‌ಗೆ ಹಾಕಿ. ಹೆಪ್ಪುಗಟ್ಟಿಸಿ ಕಳಿಸಿದ್ದರಲ್ಲಿ ಹಿಮದ ಹರಳುಗಳು ಇನ್ನೂ ಇದ್ದರೆ ಮತ್ತೆ ಡೀಪ್ ಫ್ರೀಜರ್‌ನಲ್ಲಿಡಬಹುದು, ರುಚಿ ಸ್ವಲ್ಪ ತಗ್ಗುತ್ತದೆ ಅಷ್ಟೇ. 4 ಡಿಗ್ರಿ ಮೀರಿದ್ದು, ಎಷ್ಟು ಹೊತ್ತಿನಿಂದ ಹಾಗಿದೆ ಎಂಬುದು ಗೊತ್ತಿಲ್ಲದಿದ್ದರೆ ಬಳಸಬೇಡಿ, ಕಳಿಸಿದವರಿಗೆ ಫೋಟೊ ಸಮೇತ ತಿಳಿಸಿ. ಮೂಸಿ ನೋಡಿ ಅಥವಾ ಚೂರು ತಿಂದು ನೋಡಿ ತೀರ್ಮಾನಿಸುವುದು ಬೇಡ. ಕಾಯಿಲೆ ತರುವ ಬ್ಯಾಕ್ಟೀರಿಯಾಗಳು ವಾಸನೆ ಬರಿಸಲೇಬೇಕೆಂದಿಲ್ಲ. ಲಿಸ್ಟೀರಿಯಾದಂಥವು ಫ್ರಿಜ್‌ನ ಚಳಿಯಲ್ಲೂ ನಿಧಾನವಾಗಿ ಬೆಳೆಯುತ್ತವೆ.

ಮುಂದಿನ ಸಲ ಡ್ರೈ ಐಸ್ ಉಳಿದಿದ್ದರೆ ಸಿಂಕಿಗೆ ಸುರಿಯಬೇಡಿ, ಪೈಪು ಬಿರಿಯುತ್ತದೆ. ಬಾಟಲಿಗೆ ಹಾಕಿ ಮುಚ್ಚಳ ತಿರುಗಿಸುವುದಂತೂ ಬೇಡವೇ ಬೇಡ, ಅದು ಸಿಡಿಯುತ್ತದೆ. ಮಕ್ಕಳ ಕೈಗೆ ಎಟುಕದ, ಗಾಳಿಯಾಡುವ ಹೊರಜಾಗದಲ್ಲಿ ಪೆಟ್ಟಿಗೆಯ ಮುಚ್ಚಳ ತೆಗೆದು ಇಟ್ಟುಬಿಡಿ. ಒಂದು ದಿನದೊಳಗೆ ತಾನಾಗಿಯೇ ಇಲ್ಲವಾಗುತ್ತದೆ, ಒರೆಸಲು ನೀರೂ ಉಳಿಯುವುದಿಲ್ಲ.