1.6 ಲಕ್ಷ ಕಿಲೋಮೀಟರ್ ಓಡಿದ ಸ್ವಿಫ್ಟ್: ಮೊದಲು ಅಡಿಭಾಗ ನೋಡಿ

2014ರ ಸ್ವಿಫ್ಟ್ ಡೀಸೆಲ್, 1.6 ಲಕ್ಷ ಕಿಲೋಮೀಟರ್ ಓಡಿದೆ, ಗೋವಾ ನೋಂದಣಿ, ಕಾರವಾರದಲ್ಲೇ ಇದೆ, ತಗೊಳ್ಳಬಹುದಾ ಎಂದು ಕೇಳಿದ್ದೀರಿ. ಕಿಲೋಮೀಟರ್ ನೋಡಿ ಹೆದರಬೇಡಿ. ಆಯಿಲ್ ಸರಿಯಾಗಿ ಬದಲಿಸಿದ್ದರೆ ಆ 1.3 ಲೀಟರ್ ಎಂಜಿನ್ ಇನ್ನೂ ಓಡುತ್ತದೆ. ನಮ್ಮ ಕಡೆ ನಿಜವಾದ ಚಿಂತೆ ತುಕ್ಕು.

ಕಡಲ ಗಾಳಿಯ ಉಪ್ಪು, ಮೇಲಿಂದ ನಾಲ್ಕು ತಿಂಗಳ ಮಳೆ. ಬಣ್ಣ ಹೊಳೆಯುತ್ತಿದ್ದರೂ ಅಡಿಭಾಗ ತಿಂದುಹೋಗಿರಬಹುದು. ಗ್ಯಾರೇಜಿನಲ್ಲಿ ಲಿಫ್ಟ್ ಮೇಲೆ ಏರಿಸಿಯೇ ನೋಡಿ. ಬಾಗಿಲ ಕೆಳಗಿನ ಅಂಚು, ಸಸ್ಪೆನ್ಷನ್ ಕೂರುವ ಜಾಗ, ಬ್ರೇಕ್ ಪೈಪು, ಸ್ಟೆಪ್ನಿ ಇಡುವ ಗುಂಡಿ, ಯಾವುದನ್ನೂ ಬಿಡಬೇಡಿ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದಾಗ ಪದರ ಪದರವಾಗಿ ಉದುರಿದರೆ ಆ ಕಾರು ಬೇಡ. ಅಡಿಭಾಗಕ್ಕೆ ಮೊನ್ನೆ ಮೊನ್ನೆ ಕಪ್ಪು ಕೋಟಿಂಗ್ ಬಳಿದಿದ್ದರೆ ನಾನಂತೂ ಜಾಸ್ತಿ ಅನುಮಾನ ಪಡುತ್ತೇನೆ.

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಹೋಗಿ ಸ್ಟಾರ್ಟ್ ಮಾಡಿಸಿ. ಎಂಜಿನ್ನಿನ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸಲು ಇದರಲ್ಲಿರುವುದು ಬೆಲ್ಟ್ ಅಲ್ಲ, ಟೈಮಿಂಗ್ ಚೈನ್. ಗರಗರ ಸದ್ದು ಬಂದರೆ ಅದನ್ನು ಬದಲಿಸುವ ಖರ್ಚು ಲೆಕ್ಕ ಹಾಕಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ, ಟರ್ಬೋ ಅಥವಾ ಪಿಸ್ಟನ್ ರಿಂಗ್ ಸವೆದಿರಬಹುದು. ಸುಮ್ನೆ ಹೆದ್ದಾರಿಯಲ್ಲಿ ಓಡಿಸಿ ಬಂದರೆ ಕ್ಲಚ್ ಸ್ಥಿತಿ ತಿಳಿಯುವುದಿಲ್ಲ. ಕೈಗಾ ಆಚೆಯ ಘಟ್ಟದ ಏರಿಗೆ ಒಯ್ಯಿರಿ. ಎಂಜಿನ್ ಕೂಗು ಏರಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ.

ಗೋವಾ ನೋಂದಣಿ ಅಂದಿರಲ್ವಾ? ಅಲ್ಲಿಯ ಆರ್‌ಟಿಓದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ಇಲ್ಲಿ ಕರ್ನಾಟಕದ ರಸ್ತೆ ತೆರಿಗೆ ಕಟ್ಟಬೇಕು. ಆ ಮೊತ್ತವನ್ನು ಕಾರವಾರ ಆರ್‌ಟಿಓದಲ್ಲಿ ಮೊದಲೇ ಕೇಳಿಕೊಂಡು, ಆಮೇಲೆ ಬೆಲೆ ಮಾತಾಡಿ.